ಎರಡನೆಯದಕ್ಕೆ ಇಟ್ಟ ದೃಷ್ಟಿಬೊಟ್ಟು

ಸೊಲ್ಲಾಪುರದ ಆಸ್ಪತ್ರೆಯ ಪೆಟ್ಟಿಗೆಯೊಂದರಲ್ಲಿ ನಮ್ಮ ಎರಡು ಭ್ರೂಣಗಳು ಬೆಳೆಯುತ್ತಿದ್ದವು. ಮಗು ಪಡೆಯಲು ಅದು ನಮ್ಮ ಕೊನೆಯ ಪ್ರಯತ್ನವಾಗಿತ್ತು. ಪೆಟ್ಟಿಗೆಯೊಳಗಿನ ಕ್ಯಾಮೆರಾ ಬಿಡುವಿಲ್ಲದೆ ಚಿತ್ರ ತೆಗೆಯುತ್ತಿತ್ತು. ಕಂಪ್ಯೂಟರು ಆ ಚಿತ್ರಗಳನ್ನು ನೋಡಿ ಅಂಕ ಕೊಡುತ್ತಿತ್ತು. ಹೆಚ್ಚು ಅಂಕ ಪಡೆದದ್ದನ್ನು ಮರುದಿನ ನನ್ನ ಗರ್ಭಕ್ಕೆ ಸೇರಿಸುವುದಾಗಿ ಹೇಳಿದ ಡಾಕ್ಟರು, ಎರಡರ ಚಿತ್ರವನ್ನೂ ಅಂಕಗಳ ಸಮೇತ ಫೋನಿಗೆ ಕಳುಹಿಸಿದರು.

ಅಕ್ಕಲಕೋಟೆಯ ಮನೆಯಲ್ಲಿ ಅತ್ತೆಗೆ ಅದನ್ನು ತೋರಿಸಿದೆ. ಅವರು ಬೆರಳಿಗೆ ಕಾಡಿಗೆ ತೆಗೆದುಕೊಂಡು, ಫೋನಿನ ಗಾಜಿನ ಮೇಲೆ ಎರಡರಲ್ಲಿ ಒಂದರ ಚಿತ್ರಕ್ಕೆ ದೃಷ್ಟಿಬೊಟ್ಟು ಇಟ್ಟರು.

"ಅತ್ತಿ, ಕಂಪ್ಯೂಟರ್ ಆರಿಸಿದ್ದು ಅದಲ್ರಿ, ಬಾಜೂದ್ದು," ಎಂದೆ.

"ಸಾಲಿ ಮಾರ್ಕು ಇಲ್ಲಿಗೂ ಬಂತೇನು? ಆರಿಸಿದ್ದನ್ನ ನೋಡಾಕ ಭಾಳ ಮಂದಿ ಅದಾರ. ಇದಕ್ಕ ಯಾರ ಅದಾರವ್ವಾ? ಇರ್ಲಿ, ಒರಸಬ್ಯಾಡ."

ಆರಿಸಿದ ಭ್ರೂಣ ನನ್ನಲ್ಲಿ ನಿಂತಿತು. ಅದೇ ಇಂದಿನ ನನ್ನ ಮಗಳು. ಇನ್ನೊಂದು ಮರುದಿನವೇ ಬೆಳೆಯುವುದನ್ನು ನಿಲ್ಲಿಸಿತೆಂದೂ ಅದನ್ನು ತೆಗೆದುಹಾಕಲಾಯಿತೆಂದೂ ಆಸ್ಪತ್ರೆಯವರು ತಿಳಿಸಿದರು. ಫೋನು ಬದಲಾಯಿತು, ಬೊಟ್ಟೂ ಅಳಿಯಿತು.

ಈಗ ಪ್ರತಿದಿನ ಬೆಳಿಗ್ಗೆ ಮಗಳ ಕೆನ್ನೆಗೆ ಕಾಡಿಗೆ ಇಡುತ್ತೇನೆ. ಎಷ್ಟೇ ಕಡಿಮೆ ತೆಗೆದುಕೊಂಡರೂ ಬೆರಳಿನ ತುದಿಯಲ್ಲಿ ಇನ್ನೊಂದು ಬೊಟ್ಟಿಗೆ ಸಾಲುವಷ್ಟು ಉಳಿದಿರುತ್ತದೆ. ಅದನ್ನು ಒರೆಸಿಕೊಳ್ಳಲು ಮನಸ್ಸು ಬಾರದೆ ಸ್ವಲ್ಪ ಹೊತ್ತು ಹಾಗೆಯೇ ನಿಂತಿರುತ್ತೇನೆ.