ಬಿಟ್ಟುಕೊಟ್ಟ ಪಾಲು

ನರ್ಸ್ ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಇದು: ಪಾಳಿ ಮುಗಿಸಿ ಹೋಗುವವರು, ರೋಗಿಯ ಬಗ್ಗೆ ತಮಗೆ ಗೊತ್ತಿರುವುದನ್ನೆಲ್ಲ ಮುಂದಿನ ಪಾಳಿಯವರಿಗೆ ಹೇಳಿಯೇ ಹೋಗಬೇಕು. ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ನಿವೃತ್ತಿಯವರೆಗೂ ನಾನು ಆ ನಿಯಮ ಮುರಿಯಲಿಲ್ಲ. ಮುರಿದದ್ದು ಮನೆಯ ವಿಷಯದಲ್ಲಿ.

ಅಪ್ಪನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ತಮ್ಮನೂ ಅಲ್ಲೇ ಕೂರುತ್ತಿದ್ದ. ಎಂಬತ್ತರ ದಶಕದ ಕೊನೆಗೆ ಅಪ್ಪ ಕಾಯಿಲೆ ಬಿದ್ದು ನನ್ನ ವಾರ್ಡಿನಲ್ಲೇ ಮಲಗಿದ. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ನನ್ನ ಕೈ ಹಿಡಿದ.

"ಯವ್ವಾ, ಸೇಲ್ಸ್ ಟ್ಯಾಕ್ಸ್ ಬಾಕಿ ಭಾಳ ಐತಿ. ಅಪೀಲು ಹಾಕಿದ್ದೆ, ಸೋತೆ. ಅಂಗಡಿ ಮ್ಯಾಲ, ಕಣದ ಮ್ಯಾಲ ಬೋಜಾ ಕುಂದ್ರಸ್ತಾರ. ತಮ್ಮಗ ಹೇಳಾಕ ನನಗ ಬಾಯಿ ಬರವಲ್ದು. ನೀ ಹೇಳು. ಈಗ ಹೋಗಿ ಕೇಳಿಕೊಂಡ್ರ ಕಂತು ಮಾಡಿ ಕೊಡ್ತಾರಂತ."

"ಹೇಳತೇನಿ. ನೀ ಮೊದಲ ಗಂಜಿ ಕುಡಿ," ಎಂದೆ.

ಬೋಜಾ ಎಂದರೆ ಆಸ್ತಿಯ ಉತಾರದಲ್ಲಿ, ಅಂದರೆ ಸರ್ಕಾರಿ ದಾಖಲೆಯಲ್ಲಿ, ಬರೆದಿಡುವ ಸಾಲದ ಭಾರ. ಅದು ಇಳಿಯುವವರೆಗೆ ಆಸ್ತಿಯನ್ನು ಯಾರೂ ಕೊಳ್ಳುವುದಿಲ್ಲ, ಬ್ಯಾಂಕಿನವರು ಅದರ ಮೇಲೆ ಸಾಲ ಕೊಡುವುದಿಲ್ಲ.

ಅಪ್ಪ ತೀರಿಕೊಂಡ. ತಮ್ಮನಿಗೆ ಹೇಳುವ ಬದಲು ನಾನು ಹಾವೇರಿಗೆ ಹೋಗಿ ಒಬ್ಬ ವಕೀಲರನ್ನು ಕಂಡೆ. ಸತ್ತವರ ತೆರಿಗೆ ಬಾಕಿ ಅವರ ಆಸ್ತಿಯ ಬೆನ್ನಿಗೇ ಬರುತ್ತದೆ ಎಂದರು ಅವರು. ಆಸ್ತಿ ತೆಗೆದುಕೊಂಡವರು ಅದರ ಬೆಲೆಯ ಮಟ್ಟಿಗೆ ಕಟ್ಟಬೇಕು. ಏನೂ ತೆಗೆದುಕೊಳ್ಳದವರು ಕಟ್ಟಬೇಕಿಲ್ಲ. ನಾನು ಆಗಷ್ಟೇ ಸಾಲ ಮಾಡಿ ಮನೆ ಕಟ್ಟಿಸುತ್ತಿದ್ದೆ. ವಾಪಸು ಬರುವ ಬಸ್ಸಿನಲ್ಲಿಯೇ ನನ್ನ ತೀರ್ಮಾನವಾಗಿತ್ತು.

ನಮ್ಮ ಕಡೆ ಹೆಣ್ಣುಮಕ್ಕಳು ತವರಿನ ಪಾಲು ಬಿಟ್ಟುಕೊಟ್ಟು, ಸೀರೆ ಉಟ್ಟು, ಉಡಿ ತುಂಬಿಸಿಕೊಂಡು ಹೋಗುವುದು ರೂಢಿ. ಪಾಲು ಕೇಳಿದವಳನ್ನು ಜನ ಆಡಿಕೊಳ್ಳುತ್ತಾರೆ. ಬಿಟ್ಟವಳನ್ನು, ಯಾಕೆ ಬಿಟ್ಟೆ ಎಂದು ಯಾರೂ ಕೇಳುವುದಿಲ್ಲ.

ಹಕ್ಕುಬಿಟ್ಟ ಪತ್ರಕ್ಕೆ ಸಹಿ ಹಾಕುವ ಮುಂಚೆ ತಮ್ಮ ಅಡ್ಡ ಬಂದ. "ಅಕ್ಕಾ, ಕಾಯಿ ಒಣಗಸೋ ಕಣಾ ಆದ್ರೂ ನಿನ್ನ ಹೆಸರಲೆ ಇರ್ಲಿ."

"ನನಗ್ಯಾಕ ಬೇಕೋ? ನೀ ಚಲೋ ಇದ್ರ ಸಾಕು."

ಸಹಿ ಮುಗಿಸಿ ತವರುಮನೆಗೆ ಬಂದ ಮೇಲೆ ಅವನು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವನ ಹೆಂಡತಿ ಉಡಿ ತುಂಬಿದಳು. ಸೋದರತ್ತೆ ಪಡಸಾಲೆಯಲ್ಲಿ ಕುಳಿತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಮನಿಗೊಬ್ಬಾಕಿ ಇಂಥಾ ಮಗಳು ಇರಬೇಕ ನೋಡ್ರಿ. ನಮ್ಮ ನಾದಿನಿ ಇದ್ದಾಳ, ಹಿತ್ತಲದಾಗಿನ ಕರಿಬೇವಿನ ಗಿಡಕ್ಕೂ ಪಾಲು ಕೇಳಿದ್ಲು!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಮುಂದಿನ ಸುಗ್ಗಿಗೆ ಸಾಲ ಕೇಳಲು ತಮ್ಮ ಬ್ಯಾಂಕಿಗೆ ಹೋದ. ಉತಾರ ತೆಗೆಸಿದಾಗ ಅದರಲ್ಲಿ ಬೋಜಾ ಇತ್ತು, ಬಾಕಿಗೆ ದಂಡವೂ ಸೇರಿತ್ತು. ಅವನು ನೇರ ನನ್ನ ಮನೆಗೆ ಬಂದು ಚಪ್ಪಲಿ ಸಹ ಬಿಡದೆ ಹೊಸ್ತಿಲಲ್ಲಿ ನಿಂತ.

"ಅಪ್ಪ ಮೋಸ ಮಾಡಿಬಿಟ್ಟ ಅಕ್ಕಾ. ದಿನಾ ಬಾಜೂಕ ಕುಂತು ವ್ಯಾಪಾರ ಮಾಡೇನಿ, ಒಂದ ಮಾತು ಹೇಳ್ಲಿಲ್ಲ. ನನ್ನ ಮ್ಯಾಲ ಅಷ್ಟೂ ನಂಬಿಕಿ ಇರ್ಲಿಲ್ಲೇನು?" ಸ್ವಲ್ಪ ಸುಧಾರಿಸಿಕೊಂಡು ಅಂದ, "ನೀ ಸಹಿ ಮಾಡಿದ್ದು ಚಲೋ ಆತ ನೋಡು. ಇಲ್ಲಾಂದ್ರ ನಿನ್ನ ತಲಿಗೂ ಬರತಿತ್ತು."

ಒಳಗೆ ಬಾ ಎಂದು ಚಹಾ ಮಾಡಿಕೊಟ್ಟೆ. ಹೇಳಲಿಲ್ಲ.

ತೆರಿಗೆ ಕಚೇರಿಯ ಒಪ್ಪಿಗೆ ಪಡೆದು ಅವನು ಕಣ ಮಾರಿದ, ಉಳಿದದ್ದನ್ನು ಕಂತಿನಲ್ಲಿ ಕಟ್ಟುತ್ತ ಹೋದ. ನಾನು ಒಮ್ಮೆ ಸ್ವಲ್ಪ ಹಣ ಒಯ್ದೆ. "ಪಾಲು ಬಿಟ್ಟಾಕಿ ಕಡೆ ರೊಕ್ಕಾ ಇಸಗೊಂಡ್ರ ಜನ ನನಗೇನಂದಾರು?" ಎಂದು ಮುಟ್ಟಲೇ ಇಲ್ಲ. ಆ ವರ್ಷದ ನಾಗರಪಂಚಮಿಗೆ ತವರಿಗೆ ಹೋದಾಗ ಅಂಗಡಿಗೂ ಹೋಗಿದ್ದೆ. ಅಪ್ಪ ಕೂರುತ್ತಿದ್ದ ಗಾದಿಯ ಮೇಲಿನ ಗೋಡೆಯಲ್ಲಿ ಮೊಳೆ ಇತ್ತು, ಅಪ್ಪನ ಫೋಟೊ ಇರಲಿಲ್ಲ. "ಧೂಳು ಹಿಡದಿತ್ತು, ತಗದೇನಿ," ಎಂದ ತಮ್ಮ. ನಂತರ ಪ್ರತಿ ಪಂಚಮಿಗೂ ಆ ಮೊಳೆ ನೋಡಿ ಬರುತ್ತಿದ್ದೆ. ಮನೆಯಲ್ಲಿ ನನಗೆ ಮಾತ್ರ ಉಂಡಿಯ ಡಬ್ಬಿ ಬೇರೆ ಕಟ್ಟಿಡುತ್ತಿದ್ದರು, ಅಂಗಡಿ ಬಿಟ್ಟುಕೊಟ್ಟ ಅಕ್ಕ ಎಂದು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಕಾಲ ಬಳಿ ಇಡುತ್ತಿದ್ದೆ.

ತೊಂಬತ್ತರ ದಶಕದ ನಡುವೆ ಒಂದು ದಿನ ಬೋಜಾ ಇಳಿದ ಉತಾರ ಹಿಡಿದು ಅವನೇ ಬಂದ. ಮನೆಗೆ ಹಿರಿಯಳೆಂದು ಮೊದಲು ನನಗೆ ತೋರಿಸಿದ. ಅವನ ಕೂದಲು ಆಗಲೇ ನರೆತಿತ್ತು. ಮುಚ್ಚಿಟ್ಟುಕೊಂಡು ನನಗೆ ಸಾಕಾಗಿತ್ತು.

"ಅಪ್ಪ ದವಾಖಾನ್ಯಾಗ ನನಗ ಹೇಳಿದ್ದ. ಸಹಿ ಮಾಡೂಕಿಂತ ಮೊದಲ ನನಗ ಗೊತ್ತಿತ್ತು."

ಅವನು ಉತಾರವನ್ನು ನಿಧಾನ ಮಡಚಿದ. ಅಂಗಡಿಯ ಮಾತು ಬರಲಿಲ್ಲ, ಕಣದ ಮಾತೂ ಬರಲಿಲ್ಲ.

"ನನಗ ಹೇಳಂತ ಹೇಳಿದ್ದನೇನು?"

"ಹೂಂ."

"ಖರೇ?"

"ಖರೇನ."

ಟವೆಲಿನಿಂದ ಮುಖ ಒರೆಸಿಕೊಂಡು ಎದ್ದು ಹೋದ.

ಆ ವರ್ಷದ ಪಂಚಮಿಗೆ ಅವನು ಕರೆಯಲು ಬರಲಾರ ಎಂದುಕೊಂಡಿದ್ದೆ. ಬಂದ. ಮನೆಗೆ ಕರೆದೊಯ್ಯುವ ಮೊದಲು ಅಂಗಡಿಯ ಬಾಗಿಲು ತೆಗೆದ. ಮೊಳೆಗೆ ಅಪ್ಪನ ಫೋಟೊ ಮರಳಿ ಬಂದಿತ್ತು, ಗಾಜು ಹೊಸದು. ಗಾದಿಯ ಮೇಲಿದ್ದ ಸೇವಂತಿಗೆ ಹಾರವನ್ನು ನನ್ನ ಕೈಗೆ ಕೊಟ್ಟ.

"ನಾ ಇಷ್ಟ ವರ್ಷ ಅಪ್ಪಗ ಬೈಕೋತ ಬಂದೇನಿ," ಎಂದ. "ನೀನ ಹಾಕು."

ಸ್ಟೂಲು ಹತ್ತಿದೆ. ಅವನು ಅದನ್ನು ಅಲುಗದಂತೆ ಹಿಡಿದುಕೊಂಡು ಬೇರೆ ಕಡೆ ನೋಡುತ್ತ ನಿಂತಿದ್ದ.