ನಿಮ್ಮಮ್ಮನ ಎಡಗೆನ್ನೆ

ಮೊನ್ನೆ ಹುಟ್ಟುಹಬ್ಬದ ಫೋಟೋಗಳನ್ನು ಫೋನಿನಲ್ಲಿ ನೋಡುತ್ತಾ ನಿಮ್ಮಲ್ಲಿ ಚಿಕ್ಕವಳು ಕೇಳಿದಳು: “ಅಜ್ಜಿ, ಅಮ್ಮಾ ಏನ್ ಎಪ್ಪವುಮೇ ಸೈಡ್‌ಲ ಪಾಕ್ಕರಾ?” ಯಾವ ಫೋಟೋದಲ್ಲೂ ಅಮ್ಮ ನೇರ ನೋಡುವುದಿಲ್ಲ, ಯಾಕೆ ಎಂದು. “ಅವಳ ಅಭ್ಯಾಸ ಮಗಾ” ಎಂದು ಹೇಳಿ ಎದ್ದು ಒಳಗೆ ಹೋದೆ. ಆ ಅಭ್ಯಾಸ ಕಲಿಸಿದವಳು ನಾನು. ಬಾಯಿಬಿಟ್ಟು ಹೇಳಲು ನನಗೆ ಆಗುವುದಿಲ್ಲ, ಬರೆಯುತ್ತೇನೆ. ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಕಲಿತ ಕನ್ನಡ, ತಪ್ಪಿದ್ದರೆ ಇರಲಿ.

ನಿಮ್ಮ ಅಜ್ಜ ವೇಲಚೇರಿಯಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದರು. ಹೋಟೆಲು ಕೆಲಸಕ್ಕೆಂದು ಚೆನ್ನೈಗೆ ಬಂದ ನಮ್ಮ ಕಡೆಯವರೆಲ್ಲ ಗಂಡಿನ ಮನೆಗೆ ಕಳಿಸುವ ಹೆಣ್ಣುಮಕ್ಕಳ ಮದುವೆ ಫೋಟೋಕ್ಕೆ ಅಲ್ಲಿಗೇ ಬರುತ್ತಿದ್ದರು. ಹುಡುಗಿಯ ಊನವನ್ನು ಗಂಡಸಿನ ಹತ್ತಿರ ಹೇಳಲು ತಾಯಂದಿರಿಗೆ ಸಂಕೋಚ. ಅವರು ನನ್ನ ಕಿವಿಯಲ್ಲಿ ಹೇಳುತ್ತಿದ್ದರು: ಬಲಗಣ್ಣು ಸ್ವಲ್ಪ ಓರೆ, ಎಡಗಡೆ ಬಂಗು ಇದೆ. ನಾನು ಹೋಗಿ ಸ್ಟೂಲನ್ನು ಚೂರು ತಿರುಗಿಸಿ ಬರುತ್ತಿದ್ದೆ. ಅಜ್ಜನಿಗೆ ಅಷ್ಟು ಸಾಕು. ಚಂದದ ಕೆನ್ನೆಗೆ ಬಿಳಿ ಕೊಡೆಯ ದೀಪ ಹಿಡಿದು, ಇನ್ನೊಂದು ಕಡೆಯ ಥರ್ಮೋಕೋಲ್ ಹಲಗೆ ತೆಗೆದುಬಿಡುತ್ತಿದ್ದರು. ಬೆಳಕು ಅತ್ತ ತಿರುಗಿ ಬೀಳದೆ ಊನವೆಲ್ಲ ನೆರಳಿಗೆ ಹೋಗುತ್ತಿತ್ತು. ಅಜ್ಜ ತೀರಿಹೋದ ಮೇಲೆ ಸ್ಟುಡಿಯೋ ನಾನೇ ನಡೆಸಿದೆ. ನನಗೆ ಗೊತ್ತಿದ್ದದ್ದು ಈ ಒಂದೇ ವಿದ್ಯೆ.

ನಿಮ್ಮಮ್ಮನ ಎಡಗೆನ್ನೆಯಲ್ಲಿ ಕಿವಿಯಿಂದ ದವಡೆಯವರೆಗೆ ಸುಟ್ಟ ಕಲೆ ಇದೆ. ನೀವು ದಿನಾ ನೋಡುವುದರಿಂದ ನಿಮಗದು ಕಾಣುವುದೇ ಇಲ್ಲ. ಆಗ ಅವಳಿಗೂ ಹಾಗೇ ಇತ್ತು. ಕಾಲೇಜಿನ ನಾಟಕದಲ್ಲಿ ಅಷ್ಟು ದೀಪಗಳ ಎದುರು ಮುಖ ಎತ್ತಿ ನಿಲ್ಲುತ್ತಿದ್ದಳು.

ಕೊನೆಯ ವರ್ಷ ಒಂದು ಸಿನಿಮಾಕ್ಕೆ ಹೊಸ ಮುಖಗಳು ಬೇಕೆಂದು ಗೊತ್ತಾಯಿತು. ಅಷ್ಟರಲ್ಲಿ ನನ್ನ ಅಣ್ಣ ಗಂಡು ನೋಡಲು ಶುರುಮಾಡಿದ್ದ. “ಇದೊಂದ್ ಸಲ ಬಿಡು ಮಾವ. ಇದು ಸಿಗ್ಲಿಲ್ಲ ಅಂದ್ರೆ ನೀ ಹೇಳಿದವನನ್ನೇ ಆಗ್ತೇನೆ” ಎಂದು ಅವನಿಗೆ ಮಾತು ಕೊಟ್ಟಳು.

ಫೋಟೋ ಹೇಗಿರಬೇಕೆಂದು ಸಿನಿಮಾದವರು ಹೇಳಿದ್ದರಂತೆ: ಮೇಕಪ್ ಬೇಡ, ನೇರ ನೋಡಬೇಕು, ಮುಖ ಇದ್ದ ಹಾಗೇ ಇರಬೇಕು. ಅವಳೇ ಎರಡು ಕಡೆ ದೀಪ ಸಮನಾಗಿ ಇಟ್ಟು, ಗಲ್ಲದ ಕೆಳಗೆ ನೆರಳು ಬೀಳದಂತೆ ಥರ್ಮೋಕೋಲನ್ನು ಮಡಿಲಲ್ಲಿ ಹಿಡಿದು ಕೂತಳು. ನಾನು ಬಟನ್ ಒತ್ತಿದೆ. ಕ್ಯಾಮೆರಾದಲ್ಲಿ ಆ ಕಲೆ ಅಷ್ಟು ದೊಡ್ಡದಾಗಿ ಕಂಡಿತು.

“ನನ್ಗೋಸ್ಕರ ಒಂದು ಬೇರೆ ತೆಗಿತೇನೆ” ಎಂದು ಸ್ಟೂಲು ತಿರುಗಿಸಿದೆ.

“ಎಂತಮ್ಮಾ, ಮದ್ವೆ ಫೋಟೋನಾ?” ಎಂದು ನಕ್ಕಳು. “ಬೇಗ ತೆಗಿ ಮಾರಾಯ್ತಿ, ಬಸ್ಸು ತಪ್ತದೆ.”

ನೇರ ನೋಡಿದ್ದನ್ನೇ ಎರಡು ಪ್ರಿಂಟ್ ತೆಗೆದು ಕವರಿಗೆ ಹಾಕಿ ಅಂಟಿಸಿಡು ಎಂದು ಹೇಳಿ ಕಾಲೇಜಿಗೆ ಓಡಿದಳು. ನಾನು ಎರಡೂ ಫೋಟೋ ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟು ಬಹಳ ಹೊತ್ತು ನೋಡಿದೆ. ತಿರುಗಿ ಕೂತದ್ದನ್ನೇ ಕವರಿಗೆ ಹಾಕಿ ಅಂಟಿಸಿದೆ. ಹುಡುಗಿಯ ಮುಖ ನೋಡಿ ಆರಿಸುವವರು ಯಾರಾದರೂ ಒಂದೇ ಎಂದುಕೊಂಡಿದ್ದೆ. ಸಂಜೆ ಅವಳು ಕವರನ್ನು ಹಾಗೇ ತೆಗೆದುಕೊಂಡು ಹೋಗಿ ಕೊಟ್ಟು ಬಂದಳು.

ಹತ್ತು ದಿನಕ್ಕೆ ಕರೆ ಬಂತು. ಇಬ್ಬರೂ ಹೋದೆವು. ಮೇಜಿನ ಹಿಂದೆ ಕೂತವನು ಫೋಟೋವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. “ಯಾರು ಮಾ ಇದು, ಒನ್ ಅಕ್ಕಾವಾ?” ನಿನ್ನ ಅಕ್ಕನಾ ಎಂದು ಕೇಳಿದ. ಪಕ್ಕದವರು ನಕ್ಕರು. ಕಲೆ ಇದ್ದರೆ ನಮಗೇನೂ ಅಡ್ಡಿಯಿರಲಿಲ್ಲ, ಮುಚ್ಚಿಟ್ಟು ಬಂದೆಯಲ್ಲ, ನಿನ್ನನ್ನು ಹೇಗೆ ನಂಬುವುದು ಎಂದು ತಮಿಳಿನಲ್ಲೇ ಹೇಳಿ ಫೋಟೋ ಅವಳ ಮುಂದೆ ಸರಿಸಿದ. ಅವಳು ಆಗಲೇ ಮೊದಲ ಸಲ ಅದನ್ನು ಕಂಡದ್ದು. ಅಮ್ಮ ಹಾಕಿದ್ದು ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಗೋಡೆಗೆ ಒತ್ತಿ ನಿಂತಿದ್ದ ನಾನೂ ಬಾಯಿ ತೆರೆಯಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು: “ನನ್ ಮುಖ ಅಂದ್ರೆ ನಿಂಗೆ ಅಷ್ಟು ನಾಚ್ಕೆಯಾ ಅಮ್ಮ?”

ನಾನು ಟಿಕೆಟನ್ನು ಸಣ್ಣಗೆ ಮಡಿಸುತ್ತಾ ಕೂತೆ. ವೇಲಚೇರಿ ಬಂತು, ಇಳಿದೆವು.

ಮುಂದಿನ ತಿಂಗಳು ಅಣ್ಣ ನಿಮ್ಮ ಅಪ್ಪನ ಮನೆಗೆ ಕಳಿಸಲು ಫೋಟೋ ಕೇಳಿದ. ನಾನು ದೀಪ ಹಚ್ಚುವಷ್ಟರಲ್ಲಿ ಅವಳೇ ಸ್ಟೂಲು ತಿರುಗಿಸಿ ಕೂತಿದ್ದಳು. “ಸಾಕಾ?” ಎಂದು ಕೇಳಿದಳು. ನಿಮ್ಮ ಅಪ್ಪ ಒಳ್ಳೆಯವನು, ಅದರ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ಆದರೆ ಆವತ್ತಿನಿಂದ ಅವಳು ಯಾವ ಕ್ಯಾಮೆರಾವನ್ನೂ ನೇರ ನೋಡಿಲ್ಲ, ನಾಟಕದ ಮಾತೂ ಎತ್ತಿಲ್ಲ. ಆ ನೇರ ಫೋಟೋವನ್ನು ನಾನು ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೆ. ಸ್ಟುಡಿಯೋಕ್ಕೆ ನೀರು ನುಗ್ಗಿದ ವರ್ಷ ದೀಪ, ಪರದೆ, ಕಂಪ್ಯೂಟರು ಎಲ್ಲದರ ಜೊತೆ ಅದೂ ಹೋಯಿತು.

ಬಸ್ಸಿನಲ್ಲಿ ಹೇಳಲಾಗದ್ದು ಇದು. ಅವಳಿಗೆ ನಾಲ್ಕು ವರ್ಷ. ಕುಚ್ಚಲಕ್ಕಿ ಅನ್ನದ ಗಂಜಿ ಬಸಿಯುತ್ತಿದ್ದೆ. ಅವಳು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ, ನನ್ನ ಕೈಯಿಂದ ಪಾತ್ರೆ ಜಾರಿ ಬಿಸಿ ಗಂಜಿ ಅವಳ ಕೆನ್ನೆಗೆ ಬಿತ್ತು. ಅವಳೇ ಓಡಿ ಬಂದು ಡಿಕ್ಕಿ ಹೊಡೆದಳು ಎಂದು ಅಜ್ಜನಿಗೂ, ಮುಂದೆ ಅವಳಿಗೂ ಹೇಳಿದೆ. ಅವಳು ಡಿಕ್ಕಿ ಹೊಡೆದಿರಲಿಲ್ಲ. ನೆರಳಿಗೆ ಹಾಕಬೇಕೆನಿಸಿದ್ದು ಅವಳ ಮುಖವನ್ನಲ್ಲ, ನನ್ನ ಕೈ ಮಾಡಿದ್ದನ್ನು.

ನಿಮಗೆ ಕನ್ನಡ ಓದಲು ಬಾರದು. ಇದನ್ನು ಅವಳೇ ಓದಿ ಹೇಳಬೇಕು. ಇಲ್ಲಿಗೆ ಬಂದಾಗ ಅವಳು ನಿಲ್ಲಿಸಿದರೆ ಮುಂದೇನು ಎಂದು ಕೇಳಬೇಡಿ ಮಕ್ಕಳೇ. ಅವಳ ಪಕ್ಕ ಕೂತಿರಿ.