ಅಕ್ಕ ಅರ ಹಾಕಿದ ಗರಗಸಗಳು

ಮೂಡಿಗೆರೆಯ ನನ್ನ ಮನೆಯ ಹಿಂದೆ ಯುವಕನೊಬ್ಬ ಶೆಡ್ಡಿನಲ್ಲಿ ಚೈನ್‌ಸಾಗಳನ್ನು ರಿಪೇರಿ ಮಾಡುತ್ತಾನೆ. ಮೊನ್ನೆ ಅವನು ಸರಪಳಿಯ ಹಲ್ಲುಗಳಿಗೆ ಅರ ಹಾಕಿ ಹರಿತ ಮಾಡುತ್ತಿದ್ದಾಗ, ಕಬ್ಬಿಣದ ಪುಡಿಯೂ ಎಣ್ಣೆಯೂ ಬೆರೆತ ವಾಸನೆ ಕಿಟಕಿಯೊಳಗೆ ಬಂದಿತು. ಕೊಟ್ಟಿಗೆಹಾರದಲ್ಲಿ ನಮ್ಮ ನೆರೆಮನೆಯಲ್ಲಿದ್ದ ಅಕ್ಕ ನೆನಪಾದರು…

ಅದು ಎರಡನೆಯ ಮಹಾಯುದ್ಧದ ಕಾಲ; ಯುದ್ಧದ ಬೇಡಿಕೆಗಾಗಿ ನಮ್ಮ ಕಾಡಿನ ಮರಗಳು ಉರುಳುತ್ತಿದ್ದವು. ನಾನು ಮೈಸೂರಿನಲ್ಲಿ ಓದಿ ಬಂದು ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಯಾರ ಯುದ್ಧಕ್ಕೆ ಯಾರ ಕಾಡು ಬಲಿಯೆಂದು ಸಭೆಯಲ್ಲಿ ಕೇಳಿ ಮೇಲಿನವರಿಂದ ಎಚ್ಚರಿಕೆಯನ್ನೂ ಪಡೆದಿದ್ದೆ. ಎಸ್ಟೇಟುಗಳಲ್ಲಿ ಮೊಂಡಾದ, ಇಬ್ಬರು ಹಿಡಿದೆಳೆಯುವ ಉದ್ದನೆಯ ಗರಗಸಗಳು ಅಕ್ಕನ ಮನೆಯ ಹಿತ್ತಿಲ ಮಾಡಿನಡಿಗೆ ರಿಪೇರಿಗೆ ಬರುತ್ತಿದ್ದವು. ಅವನ್ನು ಸರಿಪಡಿಸುವವನು ಅಕ್ಕನ ಮೈದುನನೆಂದು ಊರು ನಂಬಿತ್ತು. ಮಾಡುತ್ತಿದ್ದವರು ಅಕ್ಕ. ಗಂಡನಿಂದ ಕಲಿತ ಕೆಲಸ. ಗಂಡ ತೀರಿಕೊಂಡ ಮೇಲೆ ಮನೆಯನ್ನು ಸಾಕುತ್ತಿದ್ದುದೂ ಅದೇ.

ಮುಚ್ಚಿಟ್ಟದ್ದಕ್ಕೆ ಕಾರಣವಿತ್ತು. ಮರ ಕೊಯ್ಯುವ ಮುನ್ನ ಗರಗಸಕ್ಕೆ ಕುಂಕುಮವಿಟ್ಟು ಪೂಜಿಸುತ್ತಿದ್ದರು. ವಿಧವೆಯ ಕೈ ಅದನ್ನು ಮುಟ್ಟಿರಬಾರದು; ಮುಟ್ಟಿದರೆ ಮರ ಕೊಯ್ಯುವವರಿಗೆ ಕೇಡೆಂಬ ನಂಬಿಕೆ. ಮೈದುನನ ಸೋಮಾರಿತನವನ್ನು ಪ್ರಶ್ನಿಸದ ಶಾಸ್ತ್ರ ಅಕ್ಕನ ದುಡಿಮೆಯನ್ನು ಮೈಲಿಗೆ ಎಂದಿತು. ಇದು ಅನ್ಯಾಯವೆಂದು ನಾನು ಅವರೆದುರೇ ಹೇಳಿದ್ದೆ.

“ಹೇಳು ಮಾರಾಯ್ತಿ, ಆದ್ರೆ ಮೆಲ್ಲಗೆ ಹೇಳು,” ಎಂದು ಅಕ್ಕ ನಕ್ಕಿದ್ದರು. “ಎಸ್ಟೇಟ್ ರೈಟರ ಕಿವಿಗೆ ಬಿದ್ರೆ ನಾಳೆ ನಮ್ಮನೆ ಒಲೆ ಹೊತ್ತಲ್ಲ.”

ಒಮ್ಮೆ ಅಕ್ಕ ಜ್ವರದಿಂದ ಮಲಗಿದಾಗ ಮೈದುನನೇ ಒಂದು ಗರಗಸಕ್ಕೆ ಕೈ ಹಾಕಿದ. ಹಲ್ಲುಗಳನ್ನು ಒಂದು ಬಿಟ್ಟೊಂದರಂತೆ ಎಡಕ್ಕೂ ಬಲಕ್ಕೂ ಸಮನಾಗಿ ಬಾಗಿಸಬೇಕಿತ್ತು. ಅವನು ಒಂದೇ ಮಗ್ಗುಲಿಗೆ ಹೆಚ್ಚು ಬಾಗಿಸಿದ. ಗರಗಸ ಗೆರೆ ಬಿಟ್ಟು ವಾಲಿ, ಒಳ್ಳೆಯ ದಿಮ್ಮಿಯೊಂದು ಹಾಳಾಯಿತು. ಎಸ್ಟೇಟಿನ ಆಳುಗಳ ಉಸ್ತುವಾರಿ ನೋಡುವ ರೈಟರು ಅದನ್ನು ಕೊಯ್ದ ಇಬ್ಬರು ಆಳುಗಳನ್ನು ಗರಗಸದೊಡನೆ ಆ ಅಂಗಳಕ್ಕೆ ಕರೆತಂದರು. ನಾನು ಬೇಲಿಯ ಬಳಿ ನಿಂತಿದ್ದೆ.

“ಕುಡ್ದು ಎಳ್ದಿದಾರೆ ಇವ್ರು,” ಎಂದರು ರೈಟರು ಮೈದುನನಿಗೆ. “ಗರಗಸ ಸರಿ ಇತ್ತು ಅಂತ ನೀನೊಂದ್ಮಾತು ಹೇಳು ಮಾರಾಯ. ಇವತ್ತೇ ಇವ್ರ ಕೂಲಿಲೈನಿನ ಮನೆ ಖಾಲಿ ಮಾಡಿಸ್ತೀನಿ.”

“ಸರಿಯಾಗೇ ಇತ್ತು ಸ್ವಾಮಿ,” ಎಂದ ಮೈದುನ, ನೆಲ ನೋಡುತ್ತ.

“ಮಕ್ಳನ್ನ ಕಟ್ಕೊಂಡು ಎಲ್ಲಿಗ್ ಹೋಗೋದು ಅಯ್ಯಾ…” ಎಂದ ಆಳುಗಳಲ್ಲಿ ಹಿರಿಯ.

ಕಂಬಳಿ ಹೊದ್ದ ಅಕ್ಕ ಹೊರಗೆ ಬಂದು ಗರಗಸದ ಹಲ್ಲುಗಳ ಮೇಲೆ ಹೆಬ್ಬೆರಳಾಡಿಸಿದರು. “ತಪ್ಪು ಇದ್ರದ್ದು. ಅವ್ರ ಕೈದಲ್ಲ.”

“ನಿಮಗೇನು ಗೊತ್ತಾಗ್ತದೆ ಅಮ್ಮ?” ಎಂದರು ರೈಟರು.

“ಇಷ್ಟು ವರ್ಷ ಅರ ಹಾಕಿದ್ದು ನಾನು. ಇದೊಂದನ್ನ ಇವ್ನು ಹಾಕ್ದ.”

ರೈಟರು ಆಳುಗಳಿಗೆ ಕೆಲಸಕ್ಕೆ ಹೋಗುವಂತೆ ಕೈಸನ್ನೆ ಮಾಡಿದರು. ಹೊರಡುವ ಮುನ್ನ ಆ ಹಿರಿಯ ಹಂಡೆಯ ನೀರಿಗೆ ಅರಿಸಿನ ಕೇಳಿ ಪಡೆದು, ಮೈಲಿಗೆ ಹೋಗಲೆಂದು ಅಕ್ಕನ ಕಣ್ಣೆದುರೇ ಗರಗಸವನ್ನು ತೊಳೆದ. “ತಪ್ಪು ತಿಳ್ಕೋಬೇಡಿ ಅಮ್ಮ. ಮರದ ಕೆಳಗೆ ನಿಲ್ಲೋರು ನಾವು,” ಎಂದ, ತಲೆಯೆತ್ತದೆ.

ಅಲ್ಲಿಂದ ಮುಂದೆ ಗರಗಸಗಳು ಅರ ಹಾಕಿಸಿಕೊಳ್ಳಲು ಮೂಡಿಗೆರೆಗೆ ಹೋದವು. ವಿಧವೆ ಮುಟ್ಟಿದ ಗರಗಸಗಳಿಗೆ ವರ್ಷಗಟ್ಟಲೆ ತಾವೇ ಕುಂಕುಮವಿಟ್ಟದ್ದು ಧಣಿಗಳಿಗೆ ತಿಳಿಯಬಾರದೆಂದು ರೈಟರು ಕಾರಣವನ್ನು ಅದುಮಿಟ್ಟರು. ಆಳುಗಳೂ ಬಾಯಿ ಬಿಡಲಿಲ್ಲ. ಧರ್ಮ, ಧಣಿತನ, ಭಯ ಮೂರೂ ಸೇರಿ ಒಬ್ಬ ಹೆಣ್ಣಿನ ಕೈಯಿಂದ ಅರವನ್ನು ಕಿತ್ತುಕೊಂಡವು. ಅಕ್ಕ ಕಾಫಿ ಬೀಜ ಆರಿಸುವ ಕೂಲಿಗೆ ಹೋಗತೊಡಗಿದರು. ನಾನು ಅಕ್ಕನ ಹೆಸರೆತ್ತದೆ ವಿಧವೆಯರ ದುಡಿಮೆಯ ಹಕ್ಕಿನ ಬಗ್ಗೆ ಸಭೆಗಳಲ್ಲಿ ಮಾತನಾಡಿದೆ, ಮನವಿಗಳನ್ನು ಬರೆದೆ.

“ಭಾಷಣ ಸಾಕು ಮಾರಾಯ್ತಿ,” ಎಂದರು ಅಕ್ಕ ಒಂದು ದಿನ. “ಅರ ಹಾಕೋಕೆ ಎಲ್ಲಿಂದಾದ್ರೂ ಒಂದು ಗರಗಸ ತಂದ್ಕೊಡು.”

ದೂರದ ವಸ್ತಾರೆ ಊರಿನವರೆಗೂ ಅಲೆದೆ. ವಿಧವೆಯ ಕೈಗೆಂದರೆ ಯಾರೂ ಕೊಡಲಿಲ್ಲ…

ಅಕ್ಕ ತೀರಿಕೊಂಡು ಬಹಳ ಕಾಲವಾಯಿತು. ಕೊಟ್ಟಿಗೆಹಾರದ ಹೋಟೆಲಿನಲ್ಲಿ ಕೂರುವ ಮುದುಕರು ಆ ಗರಗಸಗಳನ್ನು ಈಗಲೂ ಹೊಗಳುತ್ತಾರೆ, ಮೈದುನನ ಹೆಸರು ಹಿಡಿದು. ನಾನು ತಿದ್ದುತ್ತೇನೆ. ಅವರು ತಲೆಯಾಡಿಸುತ್ತಾರೆ, ಮುಂದಿನ ಸಲ ಹೋದಾಗ ಮತ್ತೆ ಅವನ ಹೆಸರನ್ನೇ ಹೇಳುತ್ತಾರೆ. ನಾನು ಮತ್ತೆ ತಿದ್ದುತ್ತೇನೆ. ಈಗೀಗ ಅದಕ್ಕೆ ಮೊದಲು ಸ್ವಲ್ಪ ಹೊತ್ತು ಕುಳಿತು ಸುಧಾರಿಸಿಕೊಳ್ಳಬೇಕಾಗುತ್ತದೆ.